ಗರಿ ಇಲ್ಲೇ ಇರಲಿ, ಬೆಳಕು ಬರಲಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಓಲೆಗರಿ ಮತ್ತು ಕಡತಗಳ (ಕಪ್ಪು ಬಟ್ಟೆಯ ಹಳೆಯ ಲೆಕ್ಕದ ಪುಸ್ತಕಗಳ) ವೈಜ್ಞಾನಿಕ ಅಧ್ಯಯನಕ್ಕೆ ಹೊರದೇಶದ ಪ್ರಯೋಗಾಲಯಗಳ ಜೊತೆ ಕೈಜೋಡಿಸುವ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ.

ಮನೆಯ ದೇವರ ಕೋಣೆಯಲ್ಲಿ ಹನ್ನೊಂದು ಕಟ್ಟು ಓಲೆಗರಿಗಳಿವೆ. ಹಿರಿಯರು ವರ್ಷವರ್ಷವೂ ಎಣ್ಣೆ ಸವರಿ ಸವರಿ ಈಗ ಗರಿಯೂ ಕಪ್ಪು, ಅಕ್ಷರವೂ ಕಪ್ಪು. ಅಮೆರಿಕದವರ ಕ್ಯಾಮೆರಾ ಇಂಥದ್ದನ್ನೂ ಓದುತ್ತದಂತೆ. ನಿಜವೇ?
— ಕಾರ್ಕಳದ ಓದುಗರು

ನಿಜ, ಆದರೆ ಕಂಠದಿಂದ, ಅಂದರೆ ಓಲೆ ಬರೆಯುವ ಕಬ್ಬಿಣದ ಕಡ್ಡಿಯಿಂದ, ಕೊರೆದ ಗೆರೆಯೊಳಗೆ ದೀಪದ ಕಾಡಿಗೆ ಇನ್ನೂ ಉಳಿದಿರಬೇಕು. ಕಾಡಿಗೆಯೆಂದರೆ ಬಹುಪಾಲು ಇಂಗಾಲವೇ. ಕಣ್ಣಿಗೆ ಕಾಣುವ ಬೆಳಕನ್ನು ನುಂಗುವಂತೆಯೇ ಅದು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕನ್ನೂ ನುಂಗುತ್ತದೆ. ಗರಿಯ ಕಪ್ಪು ಹಾಗಲ್ಲ. ಎಣ್ಣೆ ಗಾಳಿ ತಾಗಿ ಅಂಟಾಗಿ, ನಾರಿನಲ್ಲಿರುವ ಲಿಗ್ನಿನ್ ಬಣ್ಣಗೆಟ್ಟು ಹುಟ್ಟಿದ ಕಡುಗಂದು ಅದು. ಅಲೆಯುದ್ದ 850ರಿಂದ 940 ನ್ಯಾನೊಮೀಟರ್‌ಗೆ ಹೋದರೆ ಆ ಕಂದು ಬಹುಮಟ್ಟಿಗೆ ಮಾಯವಾಗುತ್ತದೆ. ಗರಿ ಬೆಳ್ಳಗೆ ಕಂಡು ಅಕ್ಷರ ಮಾತ್ರ ಕಪ್ಪಗೆ ಉಳಿಯುತ್ತದೆ.

ನಿಮ್ಮ ಕಿವಿಗೆ ಬಿದ್ದಿರುವುದು ಉಡುಪಿಯ ಸರ್ವಮೂಲ ಗ್ರಂಥಗಳ ಸುದ್ದಿ ಇರಬೇಕು. ಮಧ್ವಾಚಾರ್ಯರ 36 ಸಂಸ್ಕೃತ ಕೃತಿಗಳ ಓಲೆಪ್ರತಿ ಅದು. ಒಂದೊಂದು ಗರಿ 26 ಇಂಚು ಉದ್ದ, 2 ಇಂಚು ಅಗಲ. ಹಿಂದೆ ಸವರಿದ ಎಣ್ಣೆಯಿಂದಲೇ ಗರಿಗಳು ಕಪ್ಪಾಗಿದ್ದವು, ಅಂಚುಗಳು ಪುಡಿಯಾಗುತ್ತಿದ್ದವು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಪಿ. ಆರ್. ಮುಕುಂದ್ ಮತ್ತು ಅಲ್ಲಿನ ಚಿತ್ರವಿಜ್ಞಾನಿ ರೋಜರ್ ಈಸ್ಟನ್ 2006ರ ಜೂನ್‌ನಲ್ಲಿ ಅವಕೆಂಪು ಫಿಲ್ಟರ್ ತೊಡಿಸಿದ ಕ್ಯಾಮೆರಾದಿಂದ ಅವುಗಳ ಚಿತ್ರ ತೆಗೆದರು. ಇಷ್ಟುದ್ದದ ಗರಿಯನ್ನು ಒಂದೇ ಚಿತ್ರದಲ್ಲಿ ಹಿಡಿದರೆ ಅಕ್ಷರ ಸಣ್ಣದಾಗಿ ಹೋಗುತ್ತದೆ. ಹಾಗಾಗಿ ಒಂದೊಂದು ಬದಿಯನ್ನೂ 8ರಿಂದ 10 ತುಂಡಾಗಿ ಹಿಡಿದು ಆಮೇಲೆ ಕಂಪ್ಯೂಟರ್‌ನಲ್ಲಿ ಹೊಲಿದರು. ಒಟ್ಟು 7,900 ಚಿತ್ರ. ಅವನ್ನು ತಿದ್ದಲು ಹವಾಯಿಯಲ್ಲಿದ್ದ ಚಿತ್ರವಿಜ್ಞಾನಿ ಕೀತ್ ನಾಕ್ಸ್ ಬರೆದ ತಂತ್ರಾಂಶವೂ ಬಳಕೆಯಾಯಿತು. ಫಲಿತಾಂಶವನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಲೋಹದ ಅಚ್ಚಾಗಿ ಮೂಡಿಸುವುದು ಮುಕುಂದ್ ಅವರ ಆಲೋಚನೆ. ಒಂದು ಬಿಲ್ಲೆಗೆ ಮೂರು ಗರಿಗಳ ಚಿತ್ರ ಹಿಡಿಯುತ್ತದೆ, ಓದಲು ಭೂತಗನ್ನಡಿ ಸಾಕು. ಹಾರ್ಡ್‌ಡಿಸ್ಕ್ ಕೆಟ್ಟರೂ ಬಿಲ್ಲೆ ಕೆಡದು.

ಈಸ್ಟನ್ ಮತ್ತು ನಾಕ್ಸ್ ಅದಕ್ಕೂ ಮುಂಚೆ ಬಾಲ್ಟಿಮೋರ್‌ನಲ್ಲಿ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಕೃತಿಗಳಿದ್ದ ಚರ್ಮದ ಹಾಳೆಗಳನ್ನು ಓದಿದವರು. 10ನೇ ಶತಮಾನದ ಆ ಪ್ರತಿಯನ್ನು 1229ರಲ್ಲಿ ಕೆರೆದು ಅಳಿಸಿ, ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. ಅಲ್ಲಿ ಶಾಯಿ ಕಬ್ಬಿಣದ್ದು. ಅವಕೆಂಪಿನಲ್ಲಿ ಕಬ್ಬಿಣದ ಶಾಯಿಯೇ ಮಾಯವಾಗುತ್ತದೆ, ಆದ್ದರಿಂದ ಅಲ್ಲಿ ಕೈಹಿಡಿದದ್ದು ಅತಿನೇರಳೆ ಬೆಳಕು. ಹೊರಗಿನ ತಂಡ ಬಂದಾಗ "ಯಾವ ಕ್ಯಾಮೆರಾ ತಂದಿರಿ" ಎನ್ನುವುದಕ್ಕಿಂತ ಮೊದಲು "ನಮ್ಮ ಮಸಿ ಯಾವುದೆಂದು ನೋಡಿದಿರಾ" ಎಂದು ಕೇಳಿ.

ಯಾರಿಗೂ ಪತ್ರ ಬರೆಯುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ರಾತ್ರಿ ಕಪ್ಪು-ಬಿಳುಪಿಗೆ ತಿರುಗುವ ಸಿಸಿಟಿವಿ ಕ್ಯಾಮೆರಾ ಇದ್ದರೆ, ಕೋಣೆ ಕತ್ತಲು ಮಾಡಿ ಅರ್ಧ ಮೀಟರ್ ದೂರದಲ್ಲಿ ಒಂದು ಗರಿಯನ್ನು ರಟ್ಟಿನ ಮೇಲಿಟ್ಟು ತೋರಿಸಿ. ಆ ಕ್ಯಾಮೆರಾದ ಸುತ್ತ ಇರುವ ಪುಟ್ಟ ದೀಪಗಳು ಸಾಮಾನ್ಯವಾಗಿ 850 ಅಥವಾ 940 ನ್ಯಾನೊಮೀಟರ್‌ನವು. ಓದುವಷ್ಟು ಸ್ಪಷ್ಟವಾಗಿ ಕಾಣದಿದ್ದರೂ ಗರಿ ಬೆಳ್ಳಗಾಗಿ ಸಾಲುಗಳು ಎದ್ದು ಕಂಡರೆ ಕೆಲಸ ಆಗುತ್ತದೆಂದು ತಿಳಿಯಿರಿ. ಬೆಂಕಿಗೆ ಸಿಕ್ಕಿ ಕರಕಾದ ಗರಿ ಮಾತ್ರ ಇದಕ್ಕೆ ಬಗ್ಗುವುದಿಲ್ಲ, ಅಲ್ಲಿ ಗರಿಯೇ ಇಂಗಾಲವಾಗಿರುತ್ತದೆ. ಒಂದಕ್ಕೊಂದು ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಬಿಡಿಸಲು ಹೋಗಬೇಡಿ. ಮತ್ತೆ ಎಣ್ಣೆ ಹಾಕುವುದನ್ನು ಇವತ್ತೇ ನಿಲ್ಲಿಸಿ.

ನಮ್ಮ ಕೆಲವು ಗರಿಗಳಲ್ಲಿ ಮಸಿಯೇ ಇಲ್ಲ, ಬರೀ ಗೀರು. ಕಾಡಿಗೆ ತಿಕ್ಕಿದರೆ ಅಕ್ಷರ ಏಳುತ್ತದೆ ಎನ್ನುತ್ತಾರೆ. ತಿಕ್ಕಬಹುದೇ?
— ಶಿರಸಿಯ ಓದುಗರು

ಕಾಡಿಗೆ ತಿಕ್ಕುವುದು ಹಿಂದಿನವರ ಪದ್ಧತಿಯೇ, ತಪ್ಪಲ್ಲ. ಆದರೆ ಅವರು ತಿಕ್ಕುತ್ತಿದ್ದದ್ದು ಹದಮಾಡಿದ ಹೊಸ ಗರಿಗೆ. ಹಳೆಯ ಗರಿಯ ಮೇಲ್ಪದರದಲ್ಲಿ ಕೂದಲೆಳೆಯಷ್ಟು ಬಿರುಕುಗಳಿರುತ್ತವೆ. ಕಾಡಿಗೆ ಅಲ್ಲೆಲ್ಲ ಸೇರಿ ಗೀರಿಗೂ ಬಿರುಕಿಗೂ ವ್ಯತ್ಯಾಸ ತಿಳಿಯದಂತಾಗುತ್ತದೆ, ಮತ್ತೆ ತೆಗೆಯಲೂ ಆಗುವುದಿಲ್ಲ. ಮೊದಲು ಬೆಳಕಿನ ದಾರಿ ನೋಡಿ, ತಿಕ್ಕುವುದು ಕೊನೆಗಿರಲಿ.

ಗೀರು ಎಂದರೆ ಹಳ್ಳ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಹಳ್ಳದಲ್ಲಿ ನೆರಳು ಬೀಳುತ್ತದೆ. ಒಂದು ದಿಕ್ಕಿನ ಬೆಳಕಿಗೆ ಅಡ್ಡಗೆರೆ ಕಂಡರೆ ಉದ್ದಗೆರೆ ಕಾಣದು. ಅದಕ್ಕೇ ಕ್ಯಾಮೆರಾ ಅಲುಗದಂತೆ ಮೇಲೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತ ಸರಿಸುತ್ತ 40ರಿಂದ 60 ಚಿತ್ರ ತೆಗೆಯುವ ವಿಧಾನವೊಂದಿದೆ. ಇಂಗ್ಲಿಷ್ ಮೊದಲಕ್ಷರಗಳಲ್ಲಿ ಇದನ್ನು ಆರ್‌ಟಿಐ ಎನ್ನುತ್ತಾರೆ, ಮಾಹಿತಿ ಹಕ್ಕಿನ ಅರ್ಜಿಗೂ ಇದಕ್ಕೂ ಸಂಬಂಧವಿಲ್ಲ. ಮೂಲ ಗಣಿತವನ್ನು 2001ರಲ್ಲಿ ಅಮೆರಿಕದ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಕೊಟ್ಟರು. ಚಿತ್ರಗಳನ್ನು ಕೂಡಿಸುವ ತಂತ್ರಾಂಶದ ಬಹುಭಾಗ ಪೋರ್ಚುಗಲ್‌ನ ಮಿನ್ಯೊ ವಿಶ್ವವಿದ್ಯಾಲಯದಲ್ಲಿ, ನೋಡುವ ತಂತ್ರಾಂಶ ಇಟಲಿಯ ಪೀಸಾದಲ್ಲಿ ಸಿದ್ಧವಾಯಿತು. ಎಲ್ಲವೂ ಉಚಿತ. ಯಾರ ಅನುಮತಿಗೂ ಕಾಯದೆ ಕೈಗೆ ಸಿಗುವ ಅಂತರರಾಷ್ಟ್ರೀಯ ಸಹಕಾರವೆಂದರೆ ಇದೇ.

ಮಾಡುವ ಕ್ರಮ ಹೀಗಿದೆ. 15 ಸೆಂಟಿಮೀಟರ್‌ನಷ್ಟು ಭಾಗವನ್ನು ಒಂದು ಸಲಕ್ಕೆ ಹಿಡಿಯಿರಿ. ದೀಪ ಆ ಅಳತೆಯ ಮೂರು-ನಾಲ್ಕು ಪಟ್ಟು ದೂರದಲ್ಲಿ, ಅಂದರೆ 45ರಿಂದ 60 ಸೆಂಟಿಮೀಟರ್‌ನಲ್ಲಿರಬೇಕು. ಇಡೀ ಗರಿಯನ್ನು ಒಟ್ಟಿಗೆ ಹಿಡಿಯಲು ಹೋದರೆ ದೀಪವನ್ನು ಎರಡು ಮೀಟರ್ ದೂರ ಒಯ್ಯಬೇಕಾಗುತ್ತದೆ, ಮನೆಯೊಳಗೆ ಅದು ಆಗದ ಮಾತು. ದೀಪಕ್ಕೆ ಒಂದು ದಾರ ಕಟ್ಟಿಕೊಂಡು ಪ್ರತಿ ಸಲವೂ ಗರಿಯವರೆಗೆ ಎಳೆದು ದೂರ ಅಳೆಯಿರಿ. ಅಳತೆಯಾದ ಮೇಲೆ ದಾರ ಚಿತ್ರದಲ್ಲಿ ಬರದಂತೆ ತೆಗೆಯಿರಿ. ಗರಿಯ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಹೊಳೆಯುವ ಕಪ್ಪು ಗೋಲಿಯೊಂದನ್ನು ಇಡಿ. ಬೆಳಕು ಯಾವ ಕಡೆಯಿಂದ ಬಂತೆಂದು ತಂತ್ರಾಂಶ ತಿಳಿಯುವುದು ಗೋಲಿಯ ಮೇಲಿನ ಹೊಳಪಿನಿಂದ. ಚಿತ್ರದಲ್ಲಿ ಗೋಲಿಯ ಅಡ್ಡಳತೆ 250 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಲೆಕ್ಕ ತಪ್ಪುತ್ತದೆ. ನೆಲ ಅಲುಗಿದರೂ ಕೆಲಸ ಕೆಟ್ಟಂತೆಯೇ. ಅಟ್ಟದ ಮನೆಯಲ್ಲಿ ಯಾರೋ ಮೆಟ್ಟಿಲಿಳಿದದ್ದಕ್ಕೆ ಇಡೀ ಸರಣಿ ಮಸುಕಾಗುವುದುಂಟು. ಹಲಗೆ ನೆಲ ಬಿಟ್ಟು ಸಿಮೆಂಟ್ ನೆಲದ ಮೇಲೆ ಮಾಡಿ, ಕ್ಯಾಮೆರಾದ ಗುಂಡಿಯನ್ನು ಕೈಯಿಂದ ಒತ್ತದೆ ರಿಮೋಟ್ ಬಳಸಿ.

ಓಲೆಗರಿ ಬಿಟ್ಟು ನಮ್ಮಲ್ಲಿ ಕಡತಗಳೂ ಇವೆ, ಮಡಿಸಿದ ಕಪ್ಪು ಬಟ್ಟೆಯ ಲೆಕ್ಕದ ಪುಸ್ತಕಗಳು. ಇದಕ್ಕೂ ಅವಕೆಂಪು ಬೆಳಕು ಆಗುತ್ತದೆಯೇ?
— ಕೊಪ್ಪದ ಓದುಗರು

ಆಗುವುದಿಲ್ಲ ಎಂದೇ ಹೇಳಬೇಕು. ಕಡತದ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದಿರುತ್ತಾರೆ. ಬರೆದದ್ದು ಬಳಪದಿಂದ. ಇಲ್ಲಿ ಇಂಗಾಲ ಇರುವುದು ಹಿನ್ನೆಲೆಯಲ್ಲಿ, ಹಾಗಾಗಿ ಯಾವ ಅಲೆಯುದ್ದಕ್ಕೂ ಹಿನ್ನೆಲೆ ಕಪ್ಪೇ. ಬಳಪ ಉಳಿದಲ್ಲಿ ಸಾಮಾನ್ಯ ಕ್ಯಾಮೆರಾವೇ ಸಾಕು. ಅಳಿಸಿದ ಲೆಕ್ಕವನ್ನು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರದಿಂದ ಓದಿಕೊಡುತ್ತೇವೆಂದು ಯಾರಾದರೂ ಬಂದರೆ ಹುಷಾರಾಗಿರಿ. ಬಳಪದ ಗುರುತು ಹಿಡಿಯಬೇಕಾದ ಧಾತು ಮೆಗ್ನೀಸಿಯಂ. ಅದರಿಂದ ಹೊಮ್ಮುವ ಎಕ್ಸ್-ಕಿರಣ ಎಷ್ಟು ದುರ್ಬಲವೆಂದರೆ ಯಂತ್ರದ ಮೂತಿ ತಲುಪುವಷ್ಟರಲ್ಲಿ ನಡುವಿನ ಗಾಳಿಯೇ ಅದನ್ನು ಬಹುಪಾಲು ನುಂಗಿಬಿಡುತ್ತದೆ. ಓರೆ ಬೆಳಕಿನಲ್ಲಿ ನೇಯ್ಗೆಯ ಸಂದಿಯಲ್ಲುಳಿದ ಬಿಳಿ ಕಣ ಹುಡುಕುವುದೇ ವಾಸಿ.

ಯುರೋಪಿನ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು "ಎರಡು ಗರಿ ಕೊರಿಯರ್ ಮಾಡಿ, ಪರೀಕ್ಷಿಸಿ ಆರು ತಿಂಗಳಲ್ಲಿ ಹಿಂತಿರುಗಿಸುತ್ತೇವೆ" ಎಂದು ಮೇಲ್ ಕಳಿಸಿದ್ದಾರೆ. ಕಳಿಸಲೇ?
— ಸಾಗರದ ಓದುಗರು

ಖಂಡಿತ ಬೇಡ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯಲ್ಲಿ ಇತರ ವಸ್ತುಗಳಿಗೆ 100 ವರ್ಷದ ಗಡುವು ಇದ್ದರೆ, ಚಾರಿತ್ರಿಕ, ಸಾಹಿತ್ಯಕ, ವೈಜ್ಞಾನಿಕ ಮಹತ್ವದ ಹಸ್ತಪ್ರತಿ 75 ವರ್ಷಕ್ಕೇ ಪುರಾವಸ್ತು ಎನಿಸುತ್ತದೆ. ಅದನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಮೀರಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. "ಹಿಂದಿರುಗಿಸುತ್ತೇವೆ" ಎಂಬ ಮಾತಿನಿಂದ ಅಪರಾಧ ಅಳಿಯುವುದಿಲ್ಲ. ಗರಿಗಳಲ್ಲಿ ಚಿತ್ರಗಳಿದ್ದರೆ ಪ್ರತಿಯನ್ನು ಪುರಾವಸ್ತು ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸುವುದೂ ಕಡ್ಡಾಯ. ಉದುರಿದ ಚೂರಾದರೂ ಪ್ರತಿಯ ಭಾಗವೆಂದೇ ತಿಳಿದು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಬರೆದು ಲಿಖಿತ ಉತ್ತರ ಪಡೆದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಕಾನೂನು ಇರದಿದ್ದರೂ ನಮ್ಮ ಸಲಹೆ ಇದೇ ಆಗಿರುತ್ತಿತ್ತು. ಕರಾವಳಿ, ಮಲೆನಾಡಿನ ತೇವದಲ್ಲಿ ನೂರಾರು ವರ್ಷ ಇದ್ದ ಗರಿ ವಿಮಾನದ ಒಣ ಗಾಳಿಗೂ ಹೀಟರ್ ಹಾಕಿದ ಕೋಣೆಗೂ ಹೋದರೆ ಕೆಲವೇ ದಿನಗಳಲ್ಲಿ ಸುರುಳಿಯಾಗಿ ದಾರದ ತೂತಿನಿಂದ ಸೀಳುತ್ತದೆ. ಯಂತ್ರವೇ ಇಲ್ಲಿಗೆ ಬರಲಿ. ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಹಸ್ತಪ್ರತಿ ಅಧ್ಯಯನ ಕೇಂದ್ರದಂಥವು ಪ್ರಯೋಗಾಲಯದ ಉಪಕರಣಗಳನ್ನು ಹಸ್ತಪ್ರತಿ ಇದ್ದಲ್ಲಿಗೆ ಒಯ್ಯುವುದನ್ನೇ ಪದ್ಧತಿ ಮಾಡಿಕೊಂಡಿವೆ. ಸಂಶೋಧಕರಿಗೆ ಹಾಗೆಂದೇ ಉತ್ತರ ಬರೆಯಿರಿ. ಅವರು ತಯಾರಿ ಮಾಡಬೇಕಾದದ್ದೂ ಇದೆ. ಕ್ಯಾಮೆರಾ, ಲೆನ್ಸ್, ದೀಪ ಪ್ರತಿಯೊಂದರ ಸೀರಿಯಲ್ ನಂಬರ್ ಬರೆದ ಪಟ್ಟಿ ಕಸ್ಟಮ್ಸ್‌ಗೆ ಬೇಕು, ಇಲ್ಲವಾದರೆ ಸುಂಕ ಕಟ್ಟುವ ತಕರಾರು ವಿಮಾನ ನಿಲ್ದಾಣದಲ್ಲೇ ಶುರುವಾಗುತ್ತದೆ. 100 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ವಿಮಾನ ಸಂಸ್ಥೆಯನ್ನು ಮೊದಲೇ ಕೇಳಬೇಕು. ಎಕ್ಸ್-ರೇ ನಳಿಕೆ ಇರುವ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕಾಗುತ್ತದೆ. ಇದನ್ನು ಮರೆತು ಬಂದ ತಂಡದ ಯಂತ್ರ ಗೋದಾಮಿನಲ್ಲಿ ಕೂರುತ್ತದೆ, ತಂಡ ಊರು ನೋಡಿಕೊಂಡು ಹೋಗುತ್ತದೆ. ಇಂಥ ಯಂತ್ರ ಇಲ್ಲೇ ಇರುವ ಸಂಸ್ಥೆಯನ್ನು ಪಾಲುದಾರರನ್ನಾಗಿ ಸೇರಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಮೊದಲು ತಟ್ಟಬೇಕಾದ ಬಾಗಿಲುಗಳು ಇವೇ.

ನಮ್ಮ ಪ್ರತಿಯ ಒಂದು ಚೂರನ್ನು ಕಾರ್ಬನ್ ಪರೀಕ್ಷೆ ಮಾಡಿಸಿದೆವು. "180 ± 30 ಬಿ.ಪಿ." ಎಂದು ವರದಿ ಬಂದಿದೆ. 180 ವರ್ಷ ಎಂದರೆ 1840ರ ಸುಮಾರಿನದು ಎಂದೇ? ಲಿಪಿ ನೋಡಿದ ಪಂಡಿತರು ಇನ್ನೂ ನೂರು ವರ್ಷ ಹಿಂದಿನದು ಎನ್ನುತ್ತಾರೆ.
— ಹೊಸನಗರದ ಓದುಗರು

ಪಂಡಿತರ ಮಾತೇ ಸರಿಯಿರಬಹುದು, ವರದಿಯೂ ತಪ್ಪಲ್ಲ. "ಬಿ.ಪಿ." ಎಂದರೆ 1950ರಿಂದ ಹಿಂದಕ್ಕೆ ಎಣಿಸಿದ ಕಾರ್ಬನ್ ವರ್ಷ, ಅದು ಪಂಚಾಂಗದ ವರ್ಷ ಅಲ್ಲ. ಈ ಪರೀಕ್ಷೆ ಎಣಿಸುವುದು ಕಾರ್ಬನ್-14 ಅನ್ನು, ಅಂದರೆ ಕಾಲ ಕಳೆದಂತೆ ತಾನಾಗಿ ಕಡಿಮೆಯಾಗುತ್ತ ಹೋಗುವ ಒಂದು ಬಗೆಯ ಇಂಗಾಲವನ್ನು. ಗಾಳಿಯಲ್ಲಿ ಅದರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲವಾದ್ದರಿಂದ ಈ ಅಂಕಿಯನ್ನು ಮರದ ಉಂಗುರಗಳಿಂದ ಕಟ್ಟಿದ ರೇಖೆಗೆ ಹೋಲಿಸಿ ತಿದ್ದಬೇಕು. ಈಗ ಬಳಕೆಯಲ್ಲಿರುವ ರೇಖೆ 2020ರದ್ದು. ದುರದೃಷ್ಟಕ್ಕೆ ಸುಮಾರು 1650ರಿಂದ 1950ರವರೆಗೆ ಆ ರೇಖೆ ಏರಿ ಇಳಿದು ಅಲ್ಲೇ ಸುತ್ತುತ್ತದೆ. ಮೊದಲಿಗೆ ಸೂರ್ಯನ ಚಟುವಟಿಕೆಯ ಏರಿಳಿತ, ಕೊನೆಗೆ ಕಲ್ಲಿದ್ದಲ ಹೊಗೆ ಇದಕ್ಕೆ ಕಾರಣ. ನಿಮ್ಮ ಅಂಕಿ ಆ ರೇಖೆಯನ್ನು ನಾಲ್ಕಾರು ಕಡೆ ಮುಟ್ಟುತ್ತದೆ: 17ನೇ ಶತಮಾನದ ಕೊನೆ, 18ನೇ ಶತಮಾನ, 19ನೇ ಶತಮಾನ, 20ನೆಯದರ ಮೊದಲ ಭಾಗ, ಯಾವುದೂ ಆದೀತು. ನಮ್ಮ ಮನೆಗಳಲ್ಲಿ ಉಳಿದಿರುವ ಬಹುಪಾಲು ಗರಿಗಳು ಇದೇ ಮುನ್ನೂರು ವರ್ಷದವು. ಇವಕ್ಕೆ ಕಾರ್ಬನ್ ಪರೀಕ್ಷೆ ಮಾಡಿಸುವುದು ದುಡ್ಡು ದಂಡ ಎಂದು ನೇರವಾಗಿಯೇ ಹೇಳುತ್ತೇವೆ. ಕೊನೆಯ ಗರಿಯಲ್ಲಿ ಲಿಪಿಕಾರ ಬರೆದ ಶಕವರ್ಷ, ಸಂವತ್ಸರ, ತಿಥಿ, ವಾರ ಸಿಕ್ಕಿದರೆ ದಿನವನ್ನೇ ಹಿಡಿಯಬಹುದು.

1600ಕ್ಕಿಂತ ಹಿಂದಿನದೆಂದು ಬಲವಾದ ಅನುಮಾನವಿದ್ದರೆ ಪರೀಕ್ಷೆಗೆ ಅರ್ಥವಿದೆ. ಹೊರದೇಶಕ್ಕೆ ಹೋಗಬೇಕಿಲ್ಲ. ವೇಗವರ್ಧಕ (ಆಕ್ಸಿಲರೇಟರ್) ಯಂತ್ರ ಬಳಸಿ ಕಾರ್ಬನ್-14 ಎಣಿಸುವ ಸೌಲಭ್ಯ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲೂ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲೂ ಇದೆ. 10 ಮಿಲಿಗ್ರಾಂ, ಅಂದರೆ ಉಗುರಿನ ಚೂರಿನಷ್ಟು ಗರಿ ಸಾಕಾಗುತ್ತದೆ. ಅಕ್ಷರವಿಲ್ಲದ ಅಂಚಿನಿಂದ, ಗರಿಯ ಸಂಖ್ಯೆ ಬರೆದುಕೊಂಡು, ಮೊದಲೂ ಆಮೇಲೂ ಚಿತ್ರ ತೆಗೆದು, ಚಿಮುಟದಿಂದ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಕಾಗದ, ಹತ್ತಿ, ಸೆಲೋಟೇಪ್ ಮುಟ್ಟಿಸಬಾರದು, ಅವೆಲ್ಲ ಇಂಗಾಲವೇ.

ನಿಜವಾದ ಮೋಸ ಎಣ್ಣೆಯಲ್ಲಿದೆ. ಸೀಮೆಎಣ್ಣೆ ಅಥವಾ ಮೇಣ ತಾಗಿದ್ದರೆ ಅದರಲ್ಲಿ ಕಾರ್ಬನ್-14 ಲವಲೇಶವೂ ಇರುವುದಿಲ್ಲ. ಮಾದರಿಯ ಇಂಗಾಲದಲ್ಲಿ ನೂರಕ್ಕೆ 1 ಪಾಲು ಇಂಥದು ಉಳಿದರೆ ಫಲಿತಾಂಶ 80 ವರ್ಷ, 5 ಪಾಲು ಉಳಿದರೆ ಸುಮಾರು 400 ವರ್ಷ ಹಳೆಯದಾಗಿ ಬರುತ್ತದೆ. ಇತ್ತೀಚೆಗೆ ಸವರಿದ, ಹುಲ್ಲಿನಿಂದ ತೆಗೆದ ಸಿಟ್ರೊನೆಲ್ಲ ಎಣ್ಣೆ ಅಷ್ಟು ಕೆಡಿಸುವುದಿಲ್ಲ. 600 ವರ್ಷದ ಗರಿಯಲ್ಲಿ ಅದು 5 ಪಾಲು ಉಳಿದರೆ 30 ವರ್ಷ ಹೊಸತಾಗಿ ಕಾಣುತ್ತದೆ, ಅಷ್ಟೆ. ಆದರೆ ಅದೇ ಎಣ್ಣೆ 1964-65ರ ಸುಮಾರಿನ ಹುಲ್ಲಿನದಾದರೆ ಕಥೆ ಬೇರೆ. ಅಣುಬಾಂಬ್ ಪರೀಕ್ಷೆಗಳಿಂದ ಆಗ ಗಾಳಿಯ ಕಾರ್ಬನ್-14 ಸಹಜ ಪ್ರಮಾಣದ ಒಂದೂವರೆ ಪಟ್ಟನ್ನೂ ಮೀರಿತ್ತು. ಅಂಥ ಎಣ್ಣೆ 5 ಪಾಲಿದ್ದರೆ ಗರಿ ಸುಮಾರು 300 ವರ್ಷ ಹೊಸದಾಗಿಬಿಡುತ್ತದೆ. ಆದ್ದರಿಂದ ಯಾವ ಎಣ್ಣೆ, ಯಾವಾಗ ಹಾಕಿದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಮಾದರಿಯ ಜೊತೆಯಲ್ಲೇ ಬರೆದು ಕಳಿಸಿ. ಪ್ರಯೋಗಾಲಯದ ಮಾಮೂಲಿ ಆಮ್ಲ-ಕ್ಷಾರದ ತೊಳೆತವೊಂದರಿಂದಲೇ ಎಣ್ಣೆ ಹೋಗದು. ಅದಕ್ಕೂ ಮೊದಲು ಹೆಕ್ಸೇನ್, ಅಸಿಟೋನ್‌ನಂಥ ದ್ರಾವಕದಲ್ಲಿ ತೊಳೆಯಲು ಹೇಳಬೇಕು. ಹೇಳದೆ ಇದ್ದರೆ ಪ್ರಯೋಗಾಲಯಕ್ಕೆ ಎಣ್ಣೆಯ ವಿಷಯ ಹೇಗೆ ಗೊತ್ತಾಗಬೇಕು?

ಝೆರಾಕ್ಸ್ ಅಂಗಡಿಯ ಸ್ಕ್ಯಾನರ್‌ನಲ್ಲೇ ಎಲ್ಲ ಗರಿ ಸ್ಕ್ಯಾನ್ ಮಾಡಿ ಕಳಿಸಿದರೆ ಆಗದೇ?
— ಬಂಟ್ವಾಳದ ಓದುಗರು

ಬೇಡ. ಬಾಗಿದ ಗರಿಯ ಮೇಲೆ ಮುಚ್ಚಳ ಒತ್ತಿದರೆ ಟಪ್ಪೆಂದು ಮುರಿಯುತ್ತದೆ. ಸ್ಟ್ಯಾಂಡಿಗೆ ಕಟ್ಟಿದ ಮೊಬೈಲ್, ಎರಡು ಕಡೆ ಎಲ್‌ಇಡಿ ದೀಪ, ಚಿತ್ರದೊಳಗೆ ಒಂದು ಅಳತೆಪಟ್ಟಿ ಇಷ್ಟಿದ್ದರೆ ಪರಿಚಯಕ್ಕೆ ಧಾರಾಳ. ಹ್ಯಾಲೋಜನ್ ದೀಪ ಬೇಡ, ಆ ಶಾಖಕ್ಕೆ ಗರಿ ಕಣ್ಣೆದುರೇ ಸುರುಳಿಯಾಗುತ್ತದೆ.

ನಮ್ಮ ಚಿಕ್ಕ ಟ್ರಸ್ಟಿನಲ್ಲಿ ಸುಮಾರು ನೂರು ಗರಿಗಳ ಒಂದು ಪ್ರತಿ ಇದೆ. ಹೊರದೇಶದ ತಂಡವೊಂದು ಬಹು ಅಲೆಯುದ್ದದ ಚಿತ್ರಗಳನ್ನು ತೆಗೆದುಕೊಡುತ್ತೇವೆಂದು ಒಪ್ಪಂದದ ಕರಡು ಕಳಿಸಿದೆ. ಏನೇನು ನೋಡಿ ಸಹಿ ಮಾಡಬೇಕು?
— ಧಾರವಾಡದ ಓದುಗರು

ಮೊದಲು ಕಡತಗಳ ಲೆಕ್ಕ ಹಾಕೋಣ, ಕಂಪ್ಯೂಟರ್ ಕಡತಗಳದ್ದು. 26 ಇಂಚಿನ ಗರಿಯನ್ನು ಇಂಚಿಗೆ 600 ಪಿಕ್ಸೆಲ್‌ನಂತೆ ಹಿಡಿದರೆ 15,600 × 1,200, ಅಂದರೆ ಸುಮಾರು 1 ಕೋಟಿ 87 ಲಕ್ಷ ಪಿಕ್ಸೆಲ್. 16 ಬಿಟ್‌ನಲ್ಲಿ ಒಂದು ಅಲೆಯುದ್ದಕ್ಕೆ 37 ಎಂಬಿ. 12 ಅಲೆಯುದ್ದಕ್ಕೆ ಒಂದು ಬದಿಗೇ 450 ಎಂಬಿ. ನೂರು ಗರಿ, ಇನ್ನೂರು ಬದಿ: 90 ಜಿಬಿ. ಮೂರು ನಕಲು ಇಡಬೇಕು, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಅಲ್ಲಿಗೆ 270 ಜಿಬಿ. ದೊಡ್ಡ ಖರ್ಚೇನಲ್ಲ. "ಫೈಲ್ ಬಹಳ ದೊಡ್ಡದು, ನಿಮಗೆ ಜೆಪೆಗ್ ಕೊಡುತ್ತೇವೆ, ಮೂಲ ನಮ್ಮ ಸರ್ವರ್‌ನಲ್ಲಿರಲಿ" ಎಂಬ ವಾಕ್ಯ ಕರಡಿನಲ್ಲಿದ್ದರೆ ಹೊಡೆದು ಹಾಕಿ.

ನಿಮಗೆ ಬರಬೇಕಾದದ್ದು ಅಂದವಾಗಿ ತಿದ್ದಿದ ಬಣ್ಣದ ಚಿತ್ರಗಳಷ್ಟೇ ಅಲ್ಲ. ಕ್ಯಾಮೆರಾದಿಂದ ನೇರ ಬಂದ ಕಚ್ಚಾ ಫೈಲ್‌ಗಳು, ದಿನವೂ ಬೆಳಿಗ್ಗೆ ತೆಗೆದ ಬಿಳಿಹಲಗೆಯ ಚಿತ್ರಗಳು, ಯಾವ ಅಲೆಯುದ್ದಕ್ಕೆ ಎಷ್ಟು ಹೊತ್ತು ಬೆಳಕು ಬಿಟ್ಟರೆಂಬ ದಾಖಲೆ, ಈ ಮೂರೂ ಬೇಕು. ಬಿಳಿಹಲಗೆಯ ಚಿತ್ರವಿಲ್ಲದಿದ್ದರೆ ದೀಪದ ಏರುಪೇರು ಯಾವುದು, ಗರಿಯ ಕಲೆ ಯಾವುದು ಎಂದು ಹತ್ತು ವರ್ಷದ ನಂತರ ಯಾರೂ ಬೇರ್ಪಡಿಸಲಾರರು. ತಂಡ ಊರು ಬಿಡುವ ದಿನವೇ ಪ್ರತಿ ಕೈಗೆ ಬರಬೇಕೆಂದು ಬರೆಸಿ. "ಸಂಸ್ಕರಿಸಿದ ಮೇಲೆ ಕಳಿಸುತ್ತೇವೆ" ಎಂದವರಿಗೆ ಅನುದಾನ ಮುಗಿದ ಮೇಲೆ ನೆನಪೂ ಮುಗಿಯುತ್ತದೆ. ಪ್ರತಿ ಫೈಲಿನ ತಾಳೆ ನೋಡುವ ಸಂಖ್ಯೆಯ (ಚೆಕ್‌ಸಮ್) ಪಟ್ಟಿಯನ್ನೂ ಕೇಳಿ, ನಕಲು ಮಾಡುವಾಗ ಕೆಟ್ಟ ಫೈಲ್ ಅದರಿಂದ ಸಿಕ್ಕಿಬೀಳುತ್ತದೆ.

ಅವರ ಮೊದಲ ದಿನದ ಚಿತ್ರವೊಂದನ್ನು ಹಿಗ್ಗಿಸಿ ನೋಡಿ. ಸಾಮಾನ್ಯ ಲೆನ್ಸ್ ಹಸಿರು ಬೆಳಕಿಗೆ ಫೋಕಸ್ ಆಗಿದ್ದರೆ 940 ನ್ಯಾನೊಮೀಟರ್‌ಗೆ ಮಸುಕಾಗುತ್ತದೆ. ಮತ್ತೆ ಫೋಕಸ್ ಮಾಡಿದರೆ ಚಿತ್ರದ ಅಳತೆ ಕೂದಲೆಳೆಯಷ್ಟು ಬದಲಾಗಿ ಪದರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಇದಕ್ಕೆಂದೇ ತಯಾರಾದ ಲೆನ್ಸ್ ಇದೆಯೇ ಎಂದು ಕೇಳಿ. ಎಣ್ಣೆಯ ಹೊಳಪು ತೆಗೆಯಲು ಪೋಲರಾಯ್ಡ್ ಫಿಲ್ಟರ್ ಹಾಕಿದ್ದರೆ ಕಾಣುವ ಬೆಳಕಿನಲ್ಲಿ ಕೆಲಸ ಮಾಡುತ್ತದೆ. ಸಾಮಾನ್ಯ ಪೋಲರಾಯ್ಡ್ ಹಾಳೆ 750 ನ್ಯಾನೊಮೀಟರ್ ದಾಟಿದ ಮೇಲೆ ಬಹುತೇಕ ನಿರುಪಯೋಗಿ. ಹೊಳಪು ಅವಕೆಂಪಿನಲ್ಲೇ ತೊಂದರೆ ಕೊಡುತ್ತಿದ್ದರೆ ದೀಪದ ಕೋನ ಬದಲಿಸುವುದೊಂದೇ ದಾರಿ.

ಗರಿ ಮಗುಚುವ ಕೈ ನಿಮ್ಮವರದ್ದೇ ಆಗಿರಲಿ, ಒಬ್ಬರೇ ಇರಲಿ. ಕಟ್ಟು ಬಿಚ್ಚುವ ಮೊದಲು ಗರಿ ಎಣಿಸಿ ಸಹಿ, ಸಂಜೆ ಕಟ್ಟುವಾಗ ಎಣಿಸಿ ಸಹಿ. ಸಂಖ್ಯೆ ತಪ್ಪಿದ ಗರಿಗಳನ್ನು "ಸರಿ" ಮಾಡಿ ಜೋಡಿಸುವ ಉತ್ಸಾಹ ಯಾರಿಗೂ ಬೇಡ. ಇದ್ದ ಕ್ರಮದಲ್ಲೇ ಚಿತ್ರ ತೆಗೆದು, ಸರಿಪಡಿಸುವ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಮಾಡಲಿ.

ಹಕ್ಕಿನ ವಿಷಯಕ್ಕೆ ಎರಡು ಮಾದರಿಗಳಿವೆ. ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಅಪಾಯದಲ್ಲಿರುವ ದಾಖಲೆಗಳ ಯೋಜನೆಯಲ್ಲಿ ಮೂಲಪ್ರತಿ ದೇಶ ಬಿಡುವಂತಿಲ್ಲ, ಚಿತ್ರಗಳ ನಕಲು ಸ್ಥಳೀಯ ಸಂಸ್ಥೆಯಲ್ಲೂ ಇರಬೇಕು. ಆರ್ಕಿಮಿಡೀಸ್ ತಂಡವಂತೂ 2008ರಲ್ಲಿ ಕಚ್ಚಾ ದತ್ತಾಂಶವನ್ನೆಲ್ಲ ಯಾರು ಬೇಕಾದರೂ ಬಳಸುವಂತೆ ಬಿಟ್ಟಿತು. ನಿಮಗೆ ಯಾವುದು ಒಗ್ಗುತ್ತದೆಂಬುದು ನಿಮ್ಮ ತೀರ್ಮಾನ. ಉಪದೇಶ ಪಡೆದವರಷ್ಟೇ ನೋಡಬೇಕಾದ ಮಂತ್ರಭಾಗವಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ತೆರೆಯುವುದಕ್ಕೂ ಅವಕಾಶವಿದೆ, ಆದರೆ ಸಹಿಗೆ ಮೊದಲೇ ಹೇಳಬೇಕು. ಲಿಪಿ ಓದಿಕೊಟ್ಟ ನಿಮ್ಮ ಪಂಡಿತರ ಹೆಸರು ಪ್ರಬಂಧದ ಲೇಖಕರ ಸಾಲಿನಲ್ಲಿ ಬರಲಿ. ಕೊನೆಯ "ಕೃತಜ್ಞತೆ"ಗೆ ಒಪ್ಪಬೇಡಿ. ಚಿತ್ರದಲ್ಲಿ ಮೂಡಿದ್ದು ಅಕ್ಷರವೋ ಹುಳು ತಿಂದ ಗೆರೆಯೋ ಎಂದು ತೀರ್ಮಾನಿಸುವವರು ಅವರೇ.

ನ್ಯೂಜೆರ್ಸಿಯಲ್ಲಿರುವ ಸಾಫ್ಟ್‌ವೇರ್ ಕೆಲಸದವನು. ಊರಿಗೆ ವರ್ಷಕ್ಕೊಮ್ಮೆ ಬರುತ್ತೇನೆ. ದುಡ್ಡು ಕೊಡುವುದು ಬಿಟ್ಟು ಬೇರೇನಾದರೂ ಮಾಡಬಹುದೇ?
— ಹೊರನಾಡ ಕನ್ನಡಿಗ ಓದುಗರು

ಮೂರು ಕೆಲಸ ಹೇಳುತ್ತೇವೆ, ಕಷ್ಟದ ಕ್ರಮದಲ್ಲಿ.

ಸುಲಭದ್ದು: ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇ ಮಾಡಿದ ಕಾಲದಲ್ಲಿ ಕೂಡಿಸಿದ ಕನ್ನಡ ಹಸ್ತಪ್ರತಿ, ಶಾಸನದ ನಕಲುಗಳು ಇವತ್ತು ಮದರಾಸು, ಲಂಡನ್ ಎರಡೂ ಕಡೆ ಹಂಚಿಹೋಗಿವೆ. ಬೇರೆ ಬೇರೆ ಗ್ರಂಥಾಲಯಗಳ ಚಿತ್ರಗಳನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ತೆರೆಯಲು ಐಐಐಎಫ್ ಎಂಬ ಅಂತರರಾಷ್ಟ್ರೀಯ ಒಪ್ಪಿತ ಕ್ರಮವಿದೆ. ನಿಮ್ಮೂರಿನ ಮಠವೋ ಟ್ರಸ್ಟೋ ತೆಗೆಸಿದ ಚಿತ್ರಗಳನ್ನು ಆ ಕ್ರಮಕ್ಕೆ ಹೊಂದಿಸಿಕೊಡುವುದು ಸಾಫ್ಟ್‌ವೇರ್ ಬಲ್ಲವರಿಗೆ ನಾಲ್ಕು ವಾರಾಂತ್ಯದ ಕೆಲಸ.

ಅದಕ್ಕಿಂತ ಹೆಚ್ಚಿನದು: ಲಿಪಿಗಳ ಕೆಲಸ. ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಅಕ್ಷರಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಗೆ, ಸೇರಿವೆ. ಸಂಕೇತ ಸಿಕ್ಕಿದ ಮಾತ್ರಕ್ಕೆ ಟೈಪ್ ಮಾಡಲು ಬರುವುದಿಲ್ಲ. ಒತ್ತಕ್ಷರ ಸರಿಯಾಗಿ ಕೂರುವ ಫಾಂಟ್, ಕೀಲಿಮಣೆ, ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸುವ ಸಾಧನ ಇವೆಲ್ಲಕ್ಕೂ ಕೈಗಳು ಬೇಕು. ಕೈಬರಹ ಗುರುತಿಸುವ ಯಂತ್ರಕ್ಕೆ ಕಲಿಸಲು ಸಾಲು ಸಾಲಾಗಿ ತಪ್ಪಿಲ್ಲದೆ ಓದಿ ಟೈಪ್ ಮಾಡಿದ ಪುಟಗಳು ಬೇಕು. ಪದಗಳ ನಡುವೆ ಜಾಗ ಬಿಡದೆ ಬರೆಯುವ ಓಲೆಗರಿಯಲ್ಲಿ ಯಂತ್ರ ಎಡವುವುದು ಅಕ್ಷರಕ್ಕಿಂತ ಹೆಚ್ಚಾಗಿ ದಾರದ ತೂತಿನ ಸುತ್ತ ಬಿಟ್ಟ ಜಾಗದಲ್ಲಿ. ಅದನ್ನೇ ಸಾಲಿನ ಕೊನೆಯೆಂದು ತಿಳಿದು ಒಂದು ಸಾಲನ್ನು ಎರಡಾಗಿ ಮುರಿಯುತ್ತದೆ. ಸಾಲು ಗುರುತಿಸುವಾಗಲೇ ತೂತಿನ ಜಾಗವನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿಕೊಟ್ಟರೆ ಈ ತಪ್ಪು ಬಹಳ ಕಡಿಮೆಯಾಗುತ್ತದೆ.

ಕಷ್ಟದ್ದು: ನೀವೇ ಒಂದು ಹಳೆಯ ಲಿಪಿ ಕಲಿಯುವುದು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಗ್ರಂಥ ಲಿಪಿಯ ಓಲೆಯನ್ನು ಅಲ್ಲಿನ ಗ್ರಂಥಪಾಲಕ ಶಾಮಶಾಸ್ತ್ರಿಗಳು ಓದಬಲ್ಲವರಾಗಿದ್ದರಿಂದ. ತಿಗಳಾರಿಯಾದರೆ ಕನ್ನಡ ಬಲ್ಲವರಿಗೆ ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳಲ್ಲಿ ಅಕ್ಷರಗಳ ಮೇಲೆ ಹಿಡಿತ ಬರುತ್ತದೆ. ಮೊದಲು ನಿಮಗೆ ಬಾಯಿಪಾಠವಿರುವ ಸ್ತೋತ್ರವೊಂದರ ಪ್ರತಿ ಹಿಡಿಯಿರಿ, ಮುಂದಿನ ಅಕ್ಷರ ಯಾವುದೆಂದು ನಾಲಿಗೆ ಮೊದಲೇ ಹೇಳಿಕೊಡುತ್ತದೆ. ಮುಂದಿನ ಸಲ ಊರಿಗೆ ಬರುವಾಗ ಕ್ಯಾಮೆರಾ ತರದಿದ್ದರೂ ನಡೆಯುತ್ತದೆ.